ಮನೆಯ ಗಣಕಯಂತ್ರಕ್ಕೆ ಯಾವ ಸಂಸ್ಕಾರಕ?

ಪುಣೆ ವಿದ್ಯಾನಗರಿಯೆಂದು ಹೆಸರಾದ ಊರು. ಕಾಲೇಜುಗಳು ಆರಂಭವಾಗುವ ದಿನಗಳು ಬಂದವೆಂದರೆ, ಮಕ್ಕಳ ಶುಲ್ಕ ಮತ್ತು ವಸತಿಗಳ ಚಿಂತೆಯೊಡನೆ ಗಣಕಯಂತ್ರದ ಖರೀದಿಯ ಚಿಂತೆಯೂ ಇಲ್ಲಿನ ಕನ್ನಡ ಕುಟುಂಬಗಳನ್ನು ಕಾಡತೊಡಗುತ್ತದೆ. ಅಂಗಡಿಯಲ್ಲಿ ಅಕ್ಕಪಕ್ಕ ಇಟ್ಟ ಎರಡು ಲ್ಯಾಪ್‌ಟಾಪುಗಳು ನೋಟಕ್ಕೆ ಒಂದೇ ತೆರನಾಗಿದ್ದರೂ ಅವುಗಳ ಬೆಲೆಗಳಲ್ಲಿ ಸಾವಿರಾರು ರೂಪಾಯಿಗಳ ಅಂತರವಿರುತ್ತದೆ. ಕಾರಣ ವಿಚಾರಿಸಿದರೆ, ಒಂದರಲ್ಲಿರುವುದು ಐ5, ಇನ್ನೊಂದರಲ್ಲಿರುವುದು ಐ7 ಎಂಬ ಉತ್ತರ ದೊರೆಯುತ್ತದೆ. ಸಂಬಳದಲ್ಲಿಯೋ ನಿವೃತ್ತಿವೇತನದಲ್ಲಿಯೋ ಉಳಿಸಿದ ಹಣವನ್ನು ಈ ಒಂದು ಅಂಕಿಗಾಗಿ ತೆರಬೇಕೇ ಎಂಬುದು ವಿಚಾರಮಾಡಬೇಕಾದ ಪ್ರಶ್ನೆ.

ಸಂಸ್ಕಾರಕವೆಂದರೆ, ಅರ್ಥಾತ್ ಪ್ರೊಸೆಸರ್ ಎಂದರೆ, ಗಣಕಯಂತ್ರಕ್ಕೆ ಬಂದ ಆಜ್ಞೆಗಳನ್ನು ಒಂದೊಂದಾಗಿ ನೆರವೇರಿಸುವ ಭಾಗ. ಅದರ ಸಾಮರ್ಥ್ಯವು ಮುಖ್ಯವಾಗಿ ಮೂರು ಸಂಗತಿಗಳನ್ನು ಅವಲಂಬಿಸಿದೆ. ಮೊದಲನೆಯದು, ಒಳಗಿರುವ ಕೋರ್‌ಗಳ ಸಂಖ್ಯೆ. ಎಂದರೆ ದುಡಿಯುವ ಕೈಗಳು ಎಷ್ಟು ಎಂಬುದು. ಎರಡನೆಯದು, ಗಿಗಾಹರ್ಟ್ಸ್‌ಗಳಲ್ಲಿ ಹೇಳುವ ಮಿಡಿತದ ವೇಗ. ಮೂರನೆಯದು, ಅದರ ರಚನೆ ಯಾವ ಪೀಳಿಗೆಯದು ಎಂಬುದು. ಹೊಸ ರಚನೆಯ ಕೋರ್ ಒಂದು ಮಿಡಿತದಲ್ಲಿ ಹಳೆಯದಕ್ಕಿಂತ ಹೆಚ್ಚು ಕೆಲಸವನ್ನು ಮುಗಿಸಬಲ್ಲದು.

ಕೈಗಳು ಹೆಚ್ಚಿದಷ್ಟೂ ಕೆಲಸ ಬೇಗ ಮುಗಿಯುವುದೆಂಬ ನಂಬಿಕೆ ಅರ್ಧ ಸತ್ಯ ಮಾತ್ರ. ಮದುವೆಮನೆಯಲ್ಲಿ ತರಕಾರಿ ಹೆಚ್ಚಲು, ಹೋಳಿಗೆ ತಟ್ಟಲು ಹತ್ತು ಮಂದಿ ನೆರವಾಗಬಹುದು. ಆದರೆ ಒಲೆಯ ಮೇಲಿನ ಬೇಳೆ ಬೇಯುವಷ್ಟು ಕಾಲ ಬೇಯಲೇಬೇಕು. ಗಣಕಯಂತ್ರದ ಕೆಲಸಗಳಲ್ಲಿಯೂ ಹಂಚಿಕೊಳ್ಳಬಲ್ಲವು, ಹಂಚಿಕೊಳ್ಳಲಾಗದವು ಎಂಬ ಎರಡು ಬಗೆಗಳಿವೆ. ಪತ್ರ ಬರೆಯುವುದು, ಬ್ಯಾಂಕಿನ ವ್ಯವಹಾರ, ಲೆಕ್ಕಪತ್ರ, ದೂರದ ಮೊಮ್ಮಕ್ಕಳೊಡನೆ ಮುಖ ನೋಡಿ ಮಾತನಾಡುವುದು ಮುಂತಾದ ನಿತ್ಯದ ಕೆಲಸಗಳಿಗೆ ನಾಲ್ಕರಿಂದ ಆರು ಉತ್ತಮ ಕೋರ್‌ಗಳು ಸಾಕು.

ಹಂಚಿಕೆಯ ಈ ತತ್ತ್ವಕ್ಕೆ ಪುಣೆಯೇ ಸಾಕ್ಷಿಯಾಗಿದೆ. ಅಮೆರಿಕದ ಕ್ರೇ ಮಹಾಗಣಕವು ಭಾರತಕ್ಕೆ ದೊರೆಯದೆ ಹೋದ ಸಂದರ್ಭದಲ್ಲಿ, 1988ರಲ್ಲಿ ಇಲ್ಲಿ ಸಿ-ಡ್ಯಾಕ್ ಸಂಸ್ಥೆ ಸ್ಥಾಪಿತವಾಯಿತು. ಡಾ. ವಿಜಯ ಭಟಕರ್ ಅವರ ನೇತೃತ್ವದಲ್ಲಿ ಅದು 1991ರಲ್ಲಿ ಪರಮ್ 8000 ಎಂಬ ಮಹಾಗಣಕವನ್ನು ರೂಪಿಸಿತು. ಅದರಲ್ಲಿದ್ದುದು ಒಂದೇ ದೈತ್ಯ ಸಂಸ್ಕಾರಕವಲ್ಲ. ಟ್ರಾನ್ಸ್‌ಪ್ಯೂಟರ್ ಎಂಬ ಪುಟ್ಟ ಸಂಸ್ಕಾರಕಗಳ ಒಂದು ಪಡೆ. ಹವಾಮಾನದ ಲೆಕ್ಕಾಚಾರದಂತಹ ಹಂಚಬಲ್ಲ ಕೆಲಸಗಳಿಗೆ ಅಂತಹ ಪಡೆ ಬೇಕು. ಮನೆಯ ಪತ್ರವ್ಯವಹಾರಕ್ಕೆ ಅದರ ಅಗತ್ಯವಿಲ್ಲ.

ಇನ್ನು ಹೆಸರುಗಳ ವಿಚಾರ. ಇಂಟೆಲ್ ಕಂಪನಿಯು 2022ರಲ್ಲಿ ಹೊರತಂದ ಐ5-1235ಯು ಮತ್ತು ಐ7-1255ಯು ಎಂಬ ಎರಡನ್ನು ಹೋಲಿಸಿ ನೋಡಬಹುದು. ಎರಡರಲ್ಲಿಯೂ ಬಲವಾದ ಎರಡು ಮತ್ತು ಮಿತವ್ಯಯದ ಎಂಟು, ಒಟ್ಟು ಹತ್ತು ಕೋರ್‌ಗಳಿವೆ. ಎರಡರ ಒಳಸಂಗ್ರಹವೂ 12 ಎಂಬಿ. ಗರಿಷ್ಠ ವೇಗ ಮಾತ್ರ ಒಂದರಲ್ಲಿ 4.4, ಇನ್ನೊಂದರಲ್ಲಿ 4.7 ಗಿಗಾಹರ್ಟ್ಸ್, ಚಿತ್ರಗಳನ್ನು ಮೂಡಿಸುವ ಭಾಗವೂ ಎರಡನೆಯದರಲ್ಲಿ ತುಸು ದೊಡ್ಡದು. ವೇಗದ ಅಂತರ ಶೇಕಡಾ 7ರಷ್ಟು. ಹತ್ತು ಸೆಕೆಂಡುಗಳ ಕೆಲಸವು ಹೆಚ್ಚೆಂದರೆ ಒಂಬತ್ತೂವರೆ ಸೆಕೆಂಡುಗಳ ಆಸುಪಾಸಿನಲ್ಲಿ ಮುಗಿದೀತು. ನಿತ್ಯದ ಬಳಕೆಯಲ್ಲಿ ಇದು ಯಾರ ಅರಿವಿಗೂ ಬಾರದು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. ಬಳಸಿದ ಯಂತ್ರಗಳ ಮಾರಾಟದಲ್ಲಿ, 2015ರ ಐ7-6600ಯು ಸಂಸ್ಕಾರಕವುಳ್ಳ ಲ್ಯಾಪ್‌ಟಾಪು 'ಐ7' ಎಂಬ ಹೆಗ್ಗಳಿಕೆಯಿಂದ ಬರಬಹುದು. ಅದರಲ್ಲಿರುವುದು ಎರಡೇ ಕೋರ್‌ಗಳು. 2022ರ ಐ3-1215ಯು ಎಂಬುದರಲ್ಲಿಯಾದರೋ ಆರು ಕೋರ್‌ಗಳಿವೆ. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಗಾದೆ ಇಲ್ಲಿ ಒಪ್ಪುತ್ತದೆ. ಅದಕ್ಕಿಂತ ಮುಖ್ಯವಾಗಿ, ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಇಂಟೆಲ್ಲಿನ ಏಳನೆಯ ಪೀಳಿಗೆಯವರೆಗಿನ ಬಹುತೇಕ ಎಲ್ಲ ಸಂಸ್ಕಾರಕಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಆದುದರಿಂದ ಬಳಸಿದ ಯಂತ್ರವನ್ನು ಕೊಳ್ಳುವವರು ಎಂಟನೆಯ ಪೀಳಿಗೆ ಅಥವಾ ಅದಕ್ಕಿಂತ ಹೊಸದನ್ನೇ ಕೇಳಿ ಪಡೆಯುವುದು ಕ್ಷೇಮ. ಬ್ಯಾಂಕಿನ ವ್ಯವಹಾರ ಮಾಡುವ ಯಂತ್ರಕ್ಕೆ ಸುರಕ್ಷತೆಯ ಪರಿಷ್ಕರಣೆಗಳು ಬರುತ್ತಲೇ ಇರಬೇಕು.

ಎಎಂಡಿ ಕಂಪನಿಯ ಹೆಸರುಗಳಲ್ಲಿಯೂ ಎಚ್ಚರ ಅಗತ್ಯ. ಅದರ 2023ರ ಸಾಲಿನ ರೈಜೆನ್ 5 7520ಯು ಮತ್ತು 7530ಯು ಕೇವಲ ಹತ್ತು ಅಂಕಿಗಳ ಅಂತರದಲ್ಲಿವೆ. ಆದರೆ ಆ ಸಾಲಿನಲ್ಲಿ ರಚನೆಯ ಪೀಳಿಗೆಯನ್ನು ಸೂಚಿಸುವುದು ಮೂರನೆಯ ಅಂಕಿ. ಮೊದಲನೆಯದು 2019ರಲ್ಲಿ ಬಂದ ಝೆನ್ 2 ರಚನೆಯದು, ನಾಲ್ಕು ಕೋರ್‌ಗಳದು. ಎರಡನೆಯದು 2020ರ ಝೆನ್ 3 ರಚನೆಯದು, ಆರು ಕೋರ್‌ಗಳದು. ಬೆಲೆ ಹತ್ತಿರವಿದ್ದರೆ ಎರಡನೆಯದನ್ನೇ ಆರಿಸುವುದು ಜಾಣತನ. ಕೊನೆಯ ಅಕ್ಷರವನ್ನೂ ಓದಬೇಕು. 'ಯು' ಎಂದಿದ್ದರೆ ವಿದ್ಯುತ್ತನ್ನು ಮಿತವಾಗಿ ಬಳಸುವುದು, ಸಾಮಾನ್ಯವಾಗಿ 15 ವಾಟ್‌ಗಳ ಸುಮಾರಿನದು. 'ಎಚ್' ಎಂದಿದ್ದರೆ 45 ವಾಟ್‌ಗಳ ಸುಮಾರಿನದು. ವಾಸ್ತುಶಿಲ್ಪ, ಚಲನಚಿತ್ರ ಸಂಕಲನಗಳಂತಹ ಭಾರವಾದ ಕೆಲಸದ ವಿದ್ಯಾರ್ಥಿಗಳಿಗೆ ಎರಡನೆಯದು ಹೊಂದುತ್ತದೆ. ಮಿಕ್ಕವರಿಗೆ ಅದರ ಬಿಸಿಯೂ ಫ್ಯಾನಿನ ಸದ್ದೂ ಅನಗತ್ಯ.

ಸಂಸ್ಕಾರಕದಲ್ಲಿ ಉಳಿಸಿದ ಹಣವನ್ನು ಸ್ಮೃತಿಗೆ, ಎಂದರೆ ರ್‍ಯಾಮ್‌ಗೆ ವಿನಿಯೋಗಿಸಿದರೆ ಹೆಚ್ಚು ಫಲ ದೊರೆಯುತ್ತದೆ. 8 ಜಿಬಿ ಸ್ಮೃತಿಯುಳ್ಳ ಐ7 ಯಂತ್ರಕ್ಕಿಂತ 16 ಜಿಬಿ ಸ್ಮೃತಿಯುಳ್ಳ ಐ5 ಯಂತ್ರ ದೀರ್ಘಕಾಲ ನೆಮ್ಮದಿ ನೀಡುವುದು. ಕೆಲವು ಯಂತ್ರಗಳಲ್ಲಿ ಸ್ಮೃತಿಯನ್ನು ಫಲಕಕ್ಕೇ ಬೆಸೆದಿರುತ್ತಾರೆ. ಮುಂದೆ ಅದನ್ನು ಹೆಚ್ಚಿಸಲು ಬಾರದು. ಇದನ್ನು ಹಣ ಕೊಡುವ ಮೊದಲೇ ಕೇಳಿ ತಿಳಿಯಬೇಕು. ಮನೆಯಲ್ಲಿರುವ ಯಂತ್ರ ನಿಧಾನವಾಗಿದ್ದರೆ, ತಿರುಗುವ ಹಾರ್ಡ್ ಡಿಸ್ಕಿನ ಬದಲಿಗೆ ಎಸ್‌ಎಸ್‌ಡಿ ಹಾಕಿಸಿದ ಮಾತ್ರದಿಂದಲೇ ಅದು ಹೊಸ ಚೈತನ್ಯ ಪಡೆಯುವುದುಂಟು.

ಪುಣೆಯ ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ ಇನ್ನೊಂದು ಸಂಗತಿ ನೆನಪಿಡತಕ್ಕದ್ದು. ಸಂಸ್ಕಾರಕವು ಮಿತಿಮೀರಿ ಕಾದಾಗ ತನ್ನ ರಕ್ಷಣೆಗಾಗಿ ತಾನೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಹಾಸಿಗೆಯ ಮೇಲೆ ಇಟ್ಟು ಗಾಳಿಯ ಕಿಂಡಿಗಳನ್ನು ಮುಚ್ಚಿದರೆ ಎಂತಹ ದುಬಾರಿ ಸಂಸ್ಕಾರಕವೂ ಮಂದವಾಗುವುದು. ಯಂತ್ರದಂತೆಯೇ ದೇಹವೂ ಸರಿಯಾದ ಆಸನವನ್ನು ಬೇಡುತ್ತದೆ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವಂತೆ ಲ್ಯಾಪ್‌ಟಾಪನ್ನು ಎತ್ತರಿಸಿ, ಪ್ರತ್ಯೇಕ ಕೀಲಿಮಣೆ ಬಳಸಿದರೆ ಕತ್ತಿಗೆ ಆಯಾಸ ತಗ್ಗುತ್ತದೆ. ಇಪ್ಪತ್ತು ನಿಮಿಷಗಳಿಗೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡುವುದು ಕಣ್ಣಿಗೆ ಹಿತ. ಬೆಲೆಬಾಳುವ ಸಂಸ್ಕಾರಕಕ್ಕಿಂತ ಒಳ್ಳೆಯ ಕುರ್ಚಿಯೂ ಸ್ಪಷ್ಟವಾದ ಪರದೆಯೂ ಆರೋಗ್ಯಕ್ಕೆ ಹೆಚ್ಚು ಉಪಕಾರಿ.

ಆದಕಾರಣ ಅಂಗಡಿಗೆ ಹೊರಡುವ ಮುನ್ನ ಯಂತ್ರದಿಂದ ಆಗಬೇಕಾದ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳುವುದು ಲೇಸು. ಬಳಿಕ ಸಂಸ್ಕಾರಕದ ಪೂರ್ಣ ಹೆಸರು, ಪೀಳಿಗೆ, ಕೋರ್‌ಗಳ ಸಂಖ್ಯೆ, ಸ್ಮೃತಿಯ ಪ್ರಮಾಣ, ಅದನ್ನು ಹೆಚ್ಚಿಸುವ ಅವಕಾಶ ಇವಿಷ್ಟನ್ನು ಅದೇ ಹಾಳೆಯಲ್ಲಿ ಗುರುತು ಮಾಡಿಕೊಂಡು ತಾಳೆ ನೋಡಬೇಕು. ಇಷ್ಟು ಮಾಡಿದವರಿಗೆ ಮಾರುವವನ ಮಾತು ಸಲಹೆಯಾಗಿ ಒದಗುವುದೇ ಹೊರತು ನಿರ್ಣಯವಾಗಲಾರದು.