ಹರಿಹರದ ಆರೋಗ್ಯ ಮಾತೆ: ಜನರ ಅಳತೆಯ ದೇವಾಲಯ

ಹರಿಹರ ಎಂದರೆ ಹೆಚ್ಚಿನವರಿಗೆ ಹರಿಹರೇಶ್ವರನ ಊರು. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಆ ಗುಡಿಗೆ ಸುತ್ತ ಗೋಡೆ ಮುಚ್ಚದ ತೆರೆದ ಮಂಟಪವಿದೆ. ಬಂದವರಿಗೆ ನೆರಳೂ ಉಂಟು, ಗಾಳಿಯೂ ಉಂಟು. ಇದೇ ಊರಿನಲ್ಲಿ ಜನಸಾಗರ ಸೇರುವ ಇನ್ನೊಂದು ತಾಣ ಆರೋಗ್ಯ ಮಾತೆಯ ಚರ್ಚ್. ಶಿವಮೊಗ್ಗ ಧರ್ಮಕ್ಷೇತ್ರದ ಈ ದೇವಾಲಯಕ್ಕೆ ವ್ಯಾಟಿಕನ್ 2019ರಲ್ಲಿ ಕಿರಿಯ ಬಸಿಲಿಕಾ ಪದವಿ ನೀಡಿತು. ಬೆಂಗಳೂರು ಶಿವಾಜಿನಗರದ ಸಂತ ಮೇರಿ ದೇವಾಲಯಕ್ಕೆ, ಕಾರ್ಕಳ ಬಳಿಯ ಅತ್ತೂರಿನ ಸಂತ ಲಾರೆನ್ಸರ ದೇವಾಲಯಕ್ಕೆ ಆ ಗೌರವ ಮೊದಲೇ ಸಂದಿತ್ತು.

ಈ ಪದವಿಯ ಹಿಂದೆ ವ್ಯಾಟಿಕನ್ನಿನ 1989ರ ನಿಯಮಗಳಿವೆ. ದೇವಾಲಯ ವಿಶಾಲವಾಗಿರಬೇಕು. ಬಲಿಪೀಠ, ವಾಚನಪೀಠ, ಗುರುಗಳ ಆಸನ ಆರಾಧನಾ ವಿಧಿಗೆ ತಕ್ಕ ಜಾಗದಲ್ಲಿರಬೇಕು. ನಿಗದಿತ ಹೊತ್ತಿನಲ್ಲಿ ಪಾಪನಿವೇದನೆ ಕೇಳಲು ಸಾಕಷ್ಟು ಗುರುಗಳು, ಹಾಡಲು ಗಾಯನವೃಂದ ಇರಬೇಕು. ಎಷ್ಟು ಎತ್ತರದ ಗೋಪುರ ಎಂದು ನಿಯಮ ಕೇಳುವುದಿಲ್ಲ. ಇಲ್ಲಿ ಏನೇನು ನಡೆಯುತ್ತದೆ ಎಂದು ಕೇಳುತ್ತದೆ. ಚರ್ಚ್ ಕಟ್ಟುವವರೂ ನವೀಕರಿಸುವವರೂ ಹಿಡಿಯಬೇಕಾದ ಅಳತೆಗೋಲು ಇದೇ ಎಂಬುದು ನನ್ನ ನಂಬಿಕೆ.

ಎರಡನೇ ವ್ಯಾಟಿಕನ್ ಮಹಾಸಭೆಯ (1962–65) ನಂತರ ನಮ್ಮ ಹಳೆಯ ಚರ್ಚುಗಳ ಒಳಾಂಗಣ ಬದಲಾದದ್ದೂ ಹಾಗೆಯೇ. ಅಲ್ಲಿಯವರೆಗೆ ಗುರುಗಳು ಜನರಿಗೆ ಬೆನ್ನು ಮಾಡಿ ಲ್ಯಾಟಿನ್‌ನಲ್ಲಿ ಪೂಜೆ ಅರ್ಪಿಸುತ್ತಿದ್ದರು. ಪೂಜೆ ಕನ್ನಡಕ್ಕೆ ಬಂತು, ಹಿಂಗೋಡೆಗೆ ಅಂಟಿದ್ದ ಪೀಠ ಮುಂದೆ ಬಂತು, ಗುರುಗಳು ಜನರತ್ತ ತಿರುಗಿದರು. ಬೆಂಗಳೂರಿನಲ್ಲಿ 1967ರಲ್ಲಿ ಶುರುವಾದ ಕಥೋಲಿಕರ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರ (ಎನ್‌ಬಿಸಿಎಲ್‌ಸಿ), ಫಾದರ್ ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ, ಆರಾಧನೆಗೂ ಪ್ರಾರ್ಥನಾಲಯಕ್ಕೂ ಈ ನೆಲದ ರೂಪ ಹುಡುಕಿತು.

ಹೀಗೆ ಬಳಕೆಗೆ ತಕ್ಕಂತೆ ಕಟ್ಟುವುದು ಹರಿಹರದಂಥ ಹರಕೆಯ ಕ್ಷೇತ್ರದಲ್ಲಿ ಇನ್ನೂ ಕಷ್ಟ. ಸೆಪ್ಟೆಂಬರ್ 8 ಮಾತೆಯ ಹುಟ್ಟುಹಬ್ಬ. ಅದಕ್ಕೆ ಮುಂಚೆ ಒಂಬತ್ತು ದಿನ ನೊವೇನಾ ಪ್ರಾರ್ಥನೆ. ಜಾತಿ ಮತ ನೋಡದೆ ಜನ ಬರುತ್ತಾರೆ. ಭಾನುವಾರದ ಸಭೆಗೆ ಸರಿಹೋಗುವ ಹಾಲ್ ಹಬ್ಬದ ದಿನ ಎಲ್ಲಿ ಸಾಲಬೇಕು? ಹಾಗೆಂದು ಹಬ್ಬದ ಲೆಕ್ಕದಲ್ಲಿ ಕಟ್ಟಿದರೆ ವರ್ಷವಿಡೀ ಅರ್ಧ ಖಾಲಿ. ಹಾಗಾಗಿ ಅಂಗಳವೂ ದೇವಾಲಯದ ಭಾಗವೇ. ಅಲ್ಲಿಂದಲೂ ಪೀಠ ಕಾಣಬೇಕು, ತೇರು ಸುತ್ತಲು ದಾರಿ ಇರಬೇಕು, ಮೊಂಬತ್ತಿ ಹಚ್ಚುವ ಜಾಗ ಬಾಗಿಲಿನಿಂದ ದೂರವಿರಬೇಕು.

ಇನ್ನು ಧ್ವನಿ. ನವೀಕರಣ ಎಂದೊಡನೆ ನುಣುಪು ಟೈಲ್ಸ್, ಗಾಜು ಬರುತ್ತವೆ. ಗಟ್ಟಿ ಮೇಲ್ಮೈಗಳ ನಡುವೆ ಮಾತು ಮರುದನಿಸಿ ಒಂದು ಅಕ್ಷರದ ಮೇಲೆ ಇನ್ನೊಂದು ಬೀಳುತ್ತದೆ. ಸ್ಪೀಕರ್ ಹೆಚ್ಚಿಸಿದರೆ ಗದ್ದಲ ಹೆಚ್ಚೀತೇ ಹೊರತು ಹಿಂದಿನ ಸಾಲಿನ ಅಜ್ಜಿಗೆ ಪ್ರಬೋಧನೆ ತಿಳಿಯದು. ಮರದ ಹಲಗೆ, ದಪ್ಪ ಪರದೆ, ಕೆಳಗೆ ಅಲ್ಲಲ್ಲಿ ಇಟ್ಟ ಚಿಕ್ಕ ಸ್ಪೀಕರ್‌ಗಳು ಕಡಿಮೆ ಖರ್ಚಿನಲ್ಲೇ ಈ ತೊಂದರೆ ತಗ್ಗಿಸುತ್ತವೆ.

ಆರೋಗ್ಯ ಬೇಡಿ ಬರುವವರ ಕ್ಷೇತ್ರವಿದು. ರೋಗಿಗಳು, ಮುದುಕರು, ಕೈಗೂಸು ಹೊತ್ತ ತಾಯಂದಿರೇ ಇಂಥಲ್ಲಿಗೆ ಹೆಚ್ಚು. ಹಣ ಕೂಡಿದಾಗ ಗಾಲಿಕುರ್ಚಿ ಏರುವ ಇಳಿಜಾರು, ಕುಡಿಯುವ ನೀರು, ಹೆಂಗಸರಿಗೆ ಸಾಕಾಗುವಷ್ಟು ಶೌಚಾಲಯ ಮೊದಲು ಆಗಲಿ. ಗೋಪುರದ ಬಣ್ಣ ಮುಂದಿನ ವರ್ಷಕ್ಕೂ ಕಾಯಬಲ್ಲದು.