ಕಾರಿನ ಡಿಎಲ್ ಇದ್ದರೆ ಲಾರಿ, ಬಸ್ ಓಡಿಸಬಹುದೇ? ಫಾರ್ವರ್ಡ್‌ನಲ್ಲಿರುವುದು ಅರ್ಧ ಸತ್ಯ

‘ಸುಪ್ರೀಂ ಕೋರ್ಟ್ ಮಹತ್ವದ ತೀರ್ಪು! ಕಾರಿನ ಲೈಸೆನ್ಸ್ ಇದ್ದವರು ಇನ್ನು ಲಾರಿ, ಬಸ್ ಯಾವುದನ್ನು ಬೇಕಾದರೂ ಓಡಿಸಬಹುದು. ಆರ್‌ಟಿಒಗೆ ಅಲೆಯುವಂತಿಲ್ಲ. ಎಲ್ಲರಿಗೂ ಶೇರ್ ಮಾಡಿ.’

ಶಿಕಾರಿಪುರ ತಾಲ್ಲೂಕಿನ ತಾಳಗುಂದದಿಂದ ಓದುಗರೊಬ್ಬರು ಈ ಸಂದೇಶವನ್ನು ನಮಗೆ ಕಳಿಸಿದ್ದಾರೆ. ಅವರ ತಮ್ಮನಿಗೆ 21 ವರ್ಷ. ಎರಡು ವರ್ಷದ ಹಿಂದೆ ಕಾರಿನ ಡಿಎಲ್ ಮಾಡಿಸಿದ್ದಾನೆ. ಶಿರಾಳಕೊಪ್ಪದಿಂದ ಮೆಕ್ಕೆಜೋಳ ಸಾಗಿಸುವ ಆರು ಚಕ್ರದ ಲಾರಿಗೆ ಡ್ರೈವರ್ ಬೇಕಾಗಿದ್ದಾರೆ. ‘ಮೆಸೇಜ್ ನಿಜ ಆಗಿದ್ರೆ ನಾಳೆಯಿಂದಲೇ ಹೋಗ್ತಾನೆ, ನಿಜಾನಾ?’ ಎಂಬುದು ಅವರ ಪ್ರಶ್ನೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಆ ಲಾರಿಯ ಕೀ ಈಗಲೇ ತೆಗೆದುಕೊಳ್ಳುವುದು ಬೇಡ. ಏಕೆ ಎಂಬುದನ್ನು ಒಂದೊಂದಾಗಿ ನೋಡೋಣ.

ಕೋರ್ಟ್ ನಿಜವಾಗಿ ಹೇಳಿದ್ದೇನು?

ತೀರ್ಪು ಬಂದಿರುವುದು ನಿಜ. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಬಜಾಜ್ ಅಲಯನ್ಸ್ ಮತ್ತು ರಂಭಾದೇವಿ ಪ್ರಕರಣದಲ್ಲಿ ಇದನ್ನು ನೀಡಿತು. ಲಘು ಮೋಟಾರು ವಾಹನದ, ಅಂದರೆ ಎಲ್‌ಎಂವಿ ಪರವಾನಗಿ ಇದ್ದವರು 7,500 ಕಿಲೋಗಿಂತ ಕಡಿಮೆ ಒಟ್ಟು ತೂಕದ ಸಾರಿಗೆ ವಾಹನವನ್ನು ಓಡಿಸಬಹುದು, ಅದಕ್ಕೆ ಡಿಎಲ್‌ನಲ್ಲಿ ‘ಟ್ರಾನ್ಸ್‌ಪೋರ್ಟ್’ ಎಂಬ ಪ್ರತ್ಯೇಕ ನಮೂದು ಬೇಕಿಲ್ಲ ಎಂದು ಹೇಳಿತು. ಟಾಟಾ ಏಸ್, 407, ಹಳದಿ ಬೋರ್ಡಿನ ಟ್ಯಾಕ್ಸಿ ಈ ಮಿತಿಯೊಳಗೆ ಬರುತ್ತವೆ.

ಫಾರ್ವರ್ಡ್ ನುಂಗಿಹಾಕಿರುವುದು ಈ 7,500 ಕಿಲೋ ಎಂಬ ಮಾತನ್ನೇ. ಅದಕ್ಕಿಂತ ಭಾರವಾದ ಲಾರಿ, ಬಸ್‌ಗಳಿಗೆ ಹಳೆಯ ಷರತ್ತುಗಳೆಲ್ಲ ಹಾಗೇ ಇವೆ ಎಂದು ಅದೇ ತೀರ್ಪು ಸ್ಪಷ್ಟಪಡಿಸಿದೆ. ಇ-ರಿಕ್ಷಾ ಮತ್ತು ಅಪಾಯಕಾರಿ ಸರಕು ಸಾಗಿಸುವ ವಾಹನಗಳ ವಿಶೇಷ ನಿಯಮಗಳೂ ಬದಲಾಗಿಲ್ಲ.

ಇಲ್ಲಿ ‘ಒಟ್ಟು ತೂಕ’ ಎಂದರೆ ಖಾಲಿ ಗಾಡಿಯ ತೂಕವಲ್ಲ. ಗಾಡಿ ಮತ್ತು ಅದು ಹೊರಬಹುದಾದ ಗರಿಷ್ಠ ಸರಕು ಎರಡೂ ಸೇರಿದ ಲೆಕ್ಕ ಅದು. ಆರ್‌ಸಿಯಲ್ಲಿ ಬರೆದಿರುತ್ತದೆ. ಲಾರಿ ಖಾಲಿ ಹೋಗುತ್ತಿದ್ದರೂ ಲೆಕ್ಕಕ್ಕೆ ಬರುವುದು ಆರ್‌ಸಿಯ ಅಂಕಿಯೇ. ಎರಡು ಆಕ್ಸಲ್‌ನ ಆರು ಚಕ್ರದ ದೊಡ್ಡ ಲಾರಿಗಳ ಒಟ್ಟು ತೂಕದ ಮಿತಿಯನ್ನು ಕೇಂದ್ರ ಸರ್ಕಾರ 2018ರಲ್ಲಿ 16.2 ಟನ್‌ನಿಂದ 18.5 ಟನ್‌ಗೆ ಏರಿಸಿತ್ತು. 7.5 ಟನ್‌ಗೆ ಹೋಲಿಸಿದರೆ ಎರಡು ಪಟ್ಟಿಗೂ ಹೆಚ್ಚು!

ಹಾಗೇ ಓಡಿಸಿದರೆ ಏನಾಗುತ್ತದೆ?

ಪೊಲೀಸರು ಹಿಡಿದರೆ ದಂಡ ಕಟ್ಟಿದರಾಯಿತು ಎಂದು ಕೆಲವರು ಭಾವಿಸುತ್ತಾರೆ. ದಂಡ ಇಲ್ಲಿ ಸಣ್ಣ ಸಂಗತಿ. ಅಪಘಾತವಾಗಿ ಯಾರಿಗಾದರೂ ಪೆಟ್ಟಾದರೆ, ಅಥವಾ ಜೀವ ಹೋದರೆ, ‘ಚಾಲಕನಿಗೆ ಈ ವಾಹನದ ಪರವಾನಗಿಯೇ ಇರಲಿಲ್ಲ’ ಎಂದು ವಿಮಾ ಕಂಪನಿ ವಾದಿಸಬಹುದು. ಇಂಥ ಪ್ರಕರಣಗಳಲ್ಲಿ ನ್ಯಾಯಾಲಯಗಳು ಸಾಮಾನ್ಯವಾಗಿ, ಸಂತ್ರಸ್ತರಿಗೆ ಮೊದಲು ಕಂಪನಿಯೇ ಪರಿಹಾರ ಕೊಡಲಿ, ಆಮೇಲೆ ಆ ಹಣವನ್ನು ವಾಹನದ ಮಾಲೀಕರಿಂದ ವಸೂಲಿ ಮಾಡಿಕೊಳ್ಳಲಿ ಎಂದು ಆದೇಶಿಸುತ್ತವೆ. ಒಂದು ಲಾರಿ ಇಟ್ಟುಕೊಂಡು ಬದುಕುವ ಮಾಲೀಕನಿಗೆ ಅಲ್ಲಿಗೆ ಲಾರಿಯೂ ಹೋಯಿತು, ಜಮೀನಿಗೂ ಕುತ್ತು ಬಂತು. ಚಾಲಕನ ಮೇಲೆ ಕ್ರಿಮಿನಲ್ ಕೇಸು ಬೇರೆ.

ಕಾನೂನು ಬದಿಗಿರಲಿ, ಕಾರು ಬಲ್ಲವರಿಗೆ ಲಾರಿ ತಾನಾಗಿ ಬರುವುದಿಲ್ಲ. ವೇಗ ಎರಡು ಪಟ್ಟಾದರೆ ಬ್ರೇಕ್ ಒತ್ತಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರ ಸುಮಾರು ನಾಲ್ಕು ಪಟ್ಟಾಗುತ್ತದೆ. ಲೋಡ್ ಇದ್ದ ಲಾರಿಯ ಬ್ರೇಕ್‌ಗಳು ಅರಗಿಸಿಕೊಳ್ಳಬೇಕಾದ ಶಕ್ತಿ ಕಾರಿನದ್ದಕ್ಕಿಂತ ಹತ್ತಾರು ಪಟ್ಟು. ಘಾಟಿ ಇಳಿಯುವಾಗ ಒಂದೇ ಸಮನೆ ಬ್ರೇಕ್ ಒತ್ತುತ್ತಾ ಹೋದರೆ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಅದಕ್ಕೇ ಅನುಭವಿ ಚಾಲಕರು ಇಳಿಜಾರಿಗೆ ಮುಂಚೆಯೇ ಗೇರ್ ತಗ್ಗಿಸಿ, ಎಂಜಿನ್‌ನಿಂದಲೇ ಗಾಡಿಯನ್ನು ಹಿಡಿದಿಡುತ್ತಾರೆ. ತಿರುವಿನಲ್ಲಿ ಹಿಂದಿನ ಚಕ್ರ ಎಲ್ಲಿ ಹಾಯುತ್ತದೆ, ಕನ್ನಡಿಗೆ ಕಾಣದ ಜಾಗ ಯಾವುದು ಎಂಬುದೂ ಕಲಿತೇ ಬರಬೇಕಾದ ವಿದ್ಯೆ.

ಸರಿಯಾದ ದಾರಿ ಯಾವುದು?

ಮೋಟಾರು ವಾಹನ ಕಾಯ್ದೆ, 1988 ಮತ್ತು ಅದರಡಿಯ ನಿಯಮಗಳ ಪ್ರಕಾರ ಭಾರಿ ವಾಹನಕ್ಕೆ ಬೇಕಾದದ್ದು ಇಷ್ಟು:

• ವಯಸ್ಸು 20 ತುಂಬಿರಬೇಕು. ಕಾರಿಗೆ 18 ಸಾಕು, ಇದಕ್ಕೆ ಸಾಲದು.
• ಎಲ್‌ಎಂವಿ ಡಿಎಲ್ ಪಡೆದು ಕನಿಷ್ಠ ಒಂದು ವರ್ಷ ಆಗಿರಬೇಕು. ಎಲ್‌ಎಲ್‌ಆರ್ ಅವಧಿ ಇದರಲ್ಲಿ ಸೇರುವುದಿಲ್ಲ.
• ನಮೂನೆ 1ಎ ವೈದ್ಯಕೀಯ ಪ್ರಮಾಣಪತ್ರ ಬೇಕು. ದೃಷ್ಟಿ, ಶ್ರವಣ ಇತ್ಯಾದಿಗಳನ್ನು ವೈದ್ಯರು ಪರೀಕ್ಷಿಸಿ ಕೊಡುತ್ತಾರೆ.
• ‘ಸಾರಥಿ’ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಎಲ್‌ಎಲ್‌ಆರ್ ಪಡೆಯಬೇಕು. ಅದು ಆರು ತಿಂಗಳು ಊರ್ಜಿತ. ಪಕ್ಕದಲ್ಲಿ ಪರವಾನಗಿ ಇರುವ ತರಬೇತುದಾರ ಕೂತಿರಲೇಬೇಕು.
• ಭಾರಿ ವಾಹನ ಕಲಿಸುವ ಮಾನ್ಯತೆ ಇರುವ ಡ್ರೈವಿಂಗ್ ಶಾಲೆಯ ನಮೂನೆ 5 ಪ್ರಮಾಣಪತ್ರ ಬೇಕು.
• ಎಲ್‌ಎಲ್‌ಆರ್ ಸಿಕ್ಕಿ 30 ದಿನವಾದ ಮೇಲೆ ಅದೇ ವರ್ಗದ ವಾಹನದಲ್ಲಿ ಪರೀಕ್ಷೆ.

2019ರ ತಿದ್ದುಪಡಿಯ ನಂತರ ರಾಜ್ಯದ ಯಾವ ಆರ್‌ಟಿಒ ಕಚೇರಿಯಲ್ಲಾದರೂ ಅರ್ಜಿ ಹಾಕಬಹುದು. ತಾಳಗುಂದದವರು ಶಿವಮೊಗ್ಗವನ್ನೋ (ಕೆಎ-14) ಸಾಗರವನ್ನೋ (ಕೆಎ-15) ಅನುಕೂಲ ನೋಡಿ ಆಯ್ದುಕೊಳ್ಳಬಹುದು. ಕೇಂದ್ರ ನಿಯಮಗಳಲ್ಲಿ ಎಲ್‌ಎಲ್‌ಆರ್‌ಗೆ 150 ರೂಪಾಯಿ, ಚಾಲನಾ ಪರೀಕ್ಷೆಗೆ 300 ರೂಪಾಯಿ ಶುಲ್ಕವಿದೆ. ದೊಡ್ಡ ಖರ್ಚು ಬರುವುದು ತರಬೇತಿಗೆ. ‘ಟೆಸ್ಟ್ ಇಲ್ಲದೆ ಮಾಡಿಸಿಕೊಡ್ತೀವಿ’ ಎಂದು ಸಾವಿರಗಟ್ಟಲೆ ಕೇಳುವವರನ್ನು ನಂಬಬೇಡಿ.

ಪರವಾನಗಿ ಸಿಕ್ಕ ಮೇಲೆ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅವಧಿ ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಪರೀಕ್ಷೆ ಬರೆದಂತೆಯೇ. ಸರ್ಕಾರಿ ಬಸ್ಸಿನ ಚಾಲಕನಾಗುವ ಆಸೆಯಿದ್ದವರಿಗೆ ಇನ್ನೊಂದು ಮಾತು: ಕೆಎಸ್‌ಆರ್‌ಟಿಸಿಯಂಥ ನಿಗಮಗಳು ಭಾರಿ ವಾಹನದ ಡಿಎಲ್ ಜೊತೆಗೆ ಪಿಎಸ್‌ವಿ ಬ್ಯಾಡ್ಜ್ ಕೂಡ ಕೇಳುತ್ತವೆ. ಡಿಎಲ್ ಹಳತಾದಷ್ಟೂ ಒಳ್ಳೆಯದು, ಬೇಗ ಮಾಡಿಸಿಡಿ.

ಇನ್ನೆರಡು ಫಾರ್ವರ್ಡ್‌ಗಳು

‘2024ರ ಜೂನ್ 1ರಿಂದ ಆರ್‌ಟಿಒ ಟೆಸ್ಟ್ ರದ್ದು.’ ಇದು ಸುಳ್ಳು. ಆ ದಿನದಿಂದ ಯಾವ ಬದಲಾವಣೆಯೂ ಇಲ್ಲ ಎಂದು ಕೇಂದ್ರ ಸಾರಿಗೆ ಸಚಿವಾಲಯವೇ ಸ್ಪಷ್ಟನೆ ನೀಡಿತ್ತು. ಪರೀಕ್ಷೆಯಿಂದ ವಿನಾಯಿತಿ ಇರುವುದು 2021ರ ಜುಲೈ 1ರಿಂದ ಜಾರಿಯಲ್ಲಿರುವ ನಿಯಮದಂತೆ ವಿಶೇಷ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳಲ್ಲಿ ಪಾಸಾದವರಿಗೆ ಮಾತ್ರ. ಅಲ್ಲಿ ಭಾರಿ ವಾಹನದ ಕೋರ್ಸ್ ಆರು ವಾರಗಳಲ್ಲಿ 38 ಗಂಟೆ. ಊರಿನ ಮಾಮೂಲಿ ಡ್ರೈವಿಂಗ್ ಶಾಲೆಯ ನಮೂನೆ 5ಕ್ಕೆ ಈ ವಿನಾಯಿತಿ ಇಲ್ಲ.

‘ಎಂಟನೇ ತರಗತಿ ಪಾಸಾಗದಿದ್ದರೆ ಲಾರಿ ಲೈಸೆನ್ಸ್ ಇಲ್ಲ.’ ಇದು ಒಂದು ಕಾಲಕ್ಕೆ ನಿಜವಾಗಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಈ ಷರತ್ತನ್ನು ಕೈಬಿಡಲಾಗಿದೆ. ಏಳನೇ ತರಗತಿಗೇ ಶಾಲೆ ಬಿಟ್ಟವರೂ ಅರ್ಜಿ ಹಾಕಬಹುದು. ಸರ್ಕಾರಿ ನೇಮಕಾತಿಯ ವಿದ್ಯಾರ್ಹತೆ ಬೇರೆ ವಿಷಯ.

ಹಾಗಾದರೆ ತಾಳಗುಂದದ ಆ ತಮ್ಮ?

ಅವನಿಗೆ 20 ದಾಟಿದೆ, ಎಲ್‌ಎಂವಿ ಡಿಎಲ್‌ಗೆ ಎರಡು ವರ್ಷ ತುಂಬಿದೆ. ಅಂದರೆ ಭಾರಿ ವಾಹನದ ಎಲ್‌ಎಲ್‌ಆರ್‌ಗೆ ಇಂದೇ ಅರ್ಜಿ ಹಾಕಬಹುದು. ಅಲ್ಲಿಯವರೆಗೆ ದುಡಿಮೆ ಬೇಕೆಂದರೆ ಟಾಟಾ ಏಸ್‌ನಂಥ ಸಣ್ಣ ಗಾಡಿಯನ್ನು ಬಾಡಿಗೆಗೆ ಓಡಿಸಲು ಆ ತೀರ್ಪೇ ಅವಕಾಶ ಕೊಟ್ಟಿದೆ. ಲಾರಿ ಮಾಲೀಕರಿಗೂ ಈ ಲೇಖನ ತೋರಿಸಿ. ಡ್ರೈವರ್ ಸಿಗುವುದು ಒಂದೆರಡು ತಿಂಗಳು ತಡವಾದರೂ ಚಿಂತೆಯಿಲ್ಲ, ಲಾರಿ ಉಳಿಯುತ್ತದೆ, ರಸ್ತೆಯಲ್ಲಿ ಹೋಗುವವರ ಜೀವವೂ ಉಳಿಯುತ್ತದೆ.

ನಿಮ್ಮ ಗ್ರೂಪಿಗೂ ಆ ಫಾರ್ವರ್ಡ್ ಬಂದಿದ್ದರೆ, ಕೆಳಗೆ ಒಂದೇ ಸಾಲು ಸೇರಿಸಿ ಕಳಿಸಿ: ‘7,500 ಕಿಲೋವರೆಗೆ ಮಾತ್ರ, ಆರ್‌ಸಿ ನೋಡಿ.’