ಕಾರಿನಡಿಯ ಕಲೆ: ಬಣ್ಣ, ವಾಸನೆ, ಸ್ಥಳವೇ ಸೋರಿಕೆಯ ಸುಳಿವು

ಶಿವಮೊಗ್ಗ: ಮುಂಜಾನೆ ಭದ್ರಾವತಿಗೆ ಹೊರಡಲೆಂದು ಹಳೆಯ ಕಾರನ್ನು ಹಿಂದಕ್ಕೆ ತೆಗೆದಾಗ, ರಾತ್ರಿಯಿಡೀ ಅದು ನಿಂತಿದ್ದ ಜಾಗದಲ್ಲಿ ಅಂಗೈಯಗಲದ ಒದ್ದೆ ಕಲೆ ಕಾಣುತ್ತದೆ. ‘ಹಳೇ ಗಾಡಿ, ಸೋರುವುದು ಸಹಜ’ ಎಂದು ಕೆಲವರು ಕಡೆಗಣಿಸುತ್ತಾರೆ. ಇನ್ನು ಕೆಲವರು ಇಂಜಿನ್ನನ್ನೇ ಬಿಚ್ಚಬೇಕಾದೀತೆಂದು ಗಾಬರಿಗೊಳ್ಳುತ್ತಾರೆ. ಎರಡೂ ಸರಿಯಲ್ಲ. ಆ ಕಲೆ ಕೇವಲ ಎ.ಸಿ. ನೀರಾಗಿರಬಹುದು, ಬ್ರೇಕ್ ಆಯಿಲ್ ಕೂಡ ಆಗಿರಬಹುದು. ಮೊದಲನೆಯದಕ್ಕೆ ಮಾಡಬೇಕಾದುದೇನೂ ಇಲ್ಲ. ಎರಡನೆಯದಾದರೆ ಕಾರನ್ನು ಮನೆಯ ಗೇಟು ದಾಟಿಸುವುದೂ ಅಪಾಯಕರ.

ಮಾರುತಿ 800 ಮತ್ತು ಅಂಬಾಸಡರ್ ಕಾರುಗಳ ತಯಾರಿಕೆ 2014ರಲ್ಲೇ ನಿಂತಿದೆ. ಇಂದು ರಸ್ತೆಯಲ್ಲಿರುವ ಈ ಕಾರುಗಳೆಲ್ಲ ದಶಕಕ್ಕೂ ಹೆಚ್ಚು ಹಳೆಯವು. ವರ್ಷಗಟ್ಟಲೆ ಬಿಸಿಯಾಗಿ ತಣಿದು, ಇಂಜಿನ್ನಿನ ರಬ್ಬರ್ ಸೀಲು, ಪ್ಯಾಕಿಂಗ್ ಹಾಗೂ ಹೋಸ್ ಪೈಪುಗಳು ಗಡುಸಾಗಿ ಬಿರುಕು ಬಿಡುತ್ತವೆ. ಸೋರಿಕೆಗೆ ಬಹುಮಟ್ಟಿಗೆ ಇದೇ ಮೂಲ.

ಹಳೆಯ ಪತ್ರಿಕೆಯೇ ಪರೀಕ್ಷಾ ಸಾಧನ

ಪತ್ತೆಗೆ ದುಬಾರಿ ಉಪಕರಣ ಬೇಕಿಲ್ಲ. ಸಂಜೆ ಕಾರನ್ನು ಸಮತಟ್ಟಾದ ಒಣ ನೆಲದಲ್ಲಿ ನಿಲ್ಲಿಸಿ, ಇಂಜಿನ್ ಆರಿದ ಮೇಲೆ ಮುಂಭಾಗದಿಂದ ಹಿಂಭಾಗದವರೆಗೆ ಅಡಿಯಲ್ಲಿ ಹಳೆಯ ದಿನಪತ್ರಿಕೆಗಳನ್ನು ಹಾಸಬೇಕು. ಗಾಳಿಗೆ ಹಾರದಂತೆ ಅಂಚಿಗೆ ಕಲ್ಲಿಟ್ಟು, ನಾಲ್ಕು ಚಕ್ರಗಳ ಜಾಗವನ್ನು ಪೆನ್ನಿನಿಂದ ಗುರುತಿಸಬೇಕು. ಮಲೆನಾಡಿನ ಮಳೆಗಾಲದಲ್ಲಿ ಒದ್ದೆ ನೆಲ ಸೋರಿಕೆಯನ್ನು ಮರೆಮಾಚುವುದರಿಂದ ಈ ಪರೀಕ್ಷೆಯನ್ನು ಸೂರಿನಡಿಯಲ್ಲೇ ನಡೆಸುವುದು ಒಳಿತು.

ಬೆಳಿಗ್ಗೆ ಕಲೆ ಎಲ್ಲಿ ಬಿದ್ದಿದೆ ಎಂಬುದನ್ನು ಮೊದಲು ನೋಡಬೇಕು. ಬಳಿಕ ಬಣ್ಣ, ಜಿಡ್ಡು, ವಾಸನೆ. ನೀರಿನ ಕಲೆ ಒಣಗಿದರೆ ಕಾಗದ ಮೊದಲಿನಂತಾಗುತ್ತದೆ; ಎಣ್ಣೆಯ ಕಲೆ ಮಾತ್ರ ಬೆಳಕಿಗೆ ಹಿಡಿದಾಗ ಪಾರದರ್ಶಕವಾಗಿ ಉಳಿಯುತ್ತದೆ. ರುಚಿ ನೋಡುವ ದುಸ್ಸಾಹಸ ಸಲ್ಲದು.

ಯಾವ ಕಲೆ, ಯಾವ ದ್ರವ?

ಬಣ್ಣ, ವಾಸನೆ ಇಲ್ಲದ ನೀರು: ಎ.ಸಿ. ಬಳಸಿದ ನಂತರ ಮುಂಭಾಗದ ಎಡಬದಿಯಲ್ಲಿ, ಸಹಪ್ರಯಾಣಿಕರ ಆಸನದ ಮುಂದೆ ತೊಟ್ಟಿಕ್ಕುವುದು ಸಾಮಾನ್ಯ. ಗಾಳಿಯ ತೇವಾಂಶವೇ ತಂಪಾಗಿ ನೀರಾಗುತ್ತದೆ. ಆತಂಕ ಬೇಡ. ಆದರೆ ಹಲವು ಹಳೆಯ ಕಾರುಗಳ ರೇಡಿಯೇಟರಿಗೆ ಬರೀ ನೀರನ್ನೇ ತುಂಬಿಸಿರುತ್ತಾರೆ. ಅಂತಹ ಕಾರಿನಲ್ಲಿ ರೇಡಿಯೇಟರ್ ನೀರಿನ ಮಟ್ಟವನ್ನು ನೋಡದೆ ನಿಶ್ಚಿಂತರಾಗುವಂತಿಲ್ಲ.

ಹಸಿರು, ಕೇಸರಿ ಅಥವಾ ಗುಲಾಬಿ, ಸಿಹಿ ವಾಸನೆ: ಇದು ಕೂಲಂಟ್. ರೇಡಿಯೇಟರ್, ಹೋಸ್ ಪೈಪ್ ಅಥವಾ ವಾಟರ್ ಪಂಪಿನಿಂದ ಬರುತ್ತದೆ. ಬೇಸಿಗೆಯಲ್ಲಿ ಇದು ಕಡಿಮೆಯಾದರೆ ಇಂಜಿನ್ ವಿಪರೀತ ಬಿಸಿಯಾಗಿ ಹೆಡ್ ಬಾಗುವ ಸಂಭವವಿದೆ. ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಎಂದಿಗೂ ತೆರೆಯಬಾರದು; ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷಕಾರಿ. ಸಿಹಿಯಾದ್ದರಿಂದ ನಾಯಿ, ಬೆಕ್ಕುಗಳು ನೆಕ್ಕಿ ಸಾಯುವ ಅಪಾಯವಿದ್ದು, ಚೆಲ್ಲಿದ್ದನ್ನು ಕೂಡಲೇ ತೊಳೆಯಬೇಕು.

ಕಂದು ಅಥವಾ ಕಪ್ಪು, ಜಾರುವ ಜಿಡ್ಡು: ಇಂಜಿನ್ ಆಯಿಲ್. ದಿನಕ್ಕೆ ಒಂದೆರಡು ಹನಿಯಾದರೆ ತುರ್ತಿಲ್ಲ. ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡುತ್ತಾ ರಿಪೇರಿಗೆ ದಿನ ಗೊತ್ತುಮಾಡಬಹುದು. ಮಟ್ಟ ಕೆಳಗಿನ ಗೆರೆಗಿಂತ ಇಳಿದಿದ್ದರೆ ಅಥವಾ ಆಯಿಲ್ ದೀಪ ಹೊತ್ತಿಕೊಂಡರೆ ಓಡಿಸಕೂಡದು. ಗಂಧಕದ ಕಟುವಾಸನೆಯ ದಪ್ಪ ಎಣ್ಣೆಯಾದರೆ ಅದು ಗೇರ್ ಆಯಿಲ್.

ಕೆಂಪು ಎಣ್ಣೆ: ಹೆಚ್ಚಾಗಿ ಪವರ್ ಸ್ಟೀರಿಂಗ್ ಅಥವಾ ಆಟೋಮ್ಯಾಟಿಕ್ ಗೇರಿನದು.

ತಿಳಿ ಹಳದಿ ಅಥವಾ ತಿಳಿ ಕಂದು, ತೆಳು ದ್ರವ: ಚಕ್ರದ ಒಳಮಗ್ಗುಲಲ್ಲಿ ಅಥವಾ ಚಾಲಕರ ಪೆಡಲಿನ ಬಳಿ ಕಂಡರೆ ಬ್ರೇಕ್ ಆಯಿಲ್ ಎಂದೇ ಭಾವಿಸಬೇಕು. ಲೋಟದ ನೀರಿಗೆ ಹನಿ ಬಿಟ್ಟರೆ ಇಂಜಿನ್ ಆಯಿಲ್ ತೇಲುತ್ತದೆ, ಸಾಮಾನ್ಯ ಬ್ರೇಕ್ ಆಯಿಲ್ ಬೆರೆತುಹೋಗುತ್ತದೆ.

ಪೆಟ್ರೋಲ್ ವಾಸನೆ: ಕಲೆ ಬೇಗನೆ ಆವಿಯಾಗುವುದರಿಂದ ಪತ್ರಿಕೆಯಲ್ಲಿ ಗುರುತು ಉಳಿಯದಿರಬಹುದು. ವಾಸನೆ ಬಂದರೆ ಇಂಜಿನ್ ಚಾಲೂ ಮಾಡಬಾರದು, ಬೆಂಕಿಕಡ್ಡಿ ಗೀರಬಾರದು.

ಬ್ರೇಕಿನ ವಿಷಯದಲ್ಲಿ ರಿಯಾಯಿತಿ ಇಲ್ಲ

ಬ್ರೇಕ್ ಪ್ಯಾಡ್ ಸವೆದಂತೆ ಡಬ್ಬಿಯ ಆಯಿಲ್ ನಿಧಾನವಾಗಿ ಇಳಿಯುವುದು ಸಹಜ. ಆದರೆ ಹಠಾತ್ತನೆ ಇಳಿದರೆ, ಪೆಡಲ್ ಮೆತ್ತಗಾಗಿ ಕೆಳಗಿಳಿದರೆ, ಸೋರಿಕೆಯಿದೆ ಎಂದೇ ಅರ್ಥ. ಹಳೆಯ ಸಣ್ಣ ಕಾರುಗಳಲ್ಲಿ ಹಿಂದಿನ ಡ್ರಮ್ಮಿನೊಳಗಿನ ವೀಲ್ ಸಿಲಿಂಡರ್ ಸೋರುವುದು ಪದೇ ಪದೇ ಕಾಣುವ ದೋಷ. ಸಮತಟ್ಟಾದ ಭದ್ರಾವತಿ ರಸ್ತೆಯಲ್ಲಿ ಹೇಗೋ ನಿಭಾಯಿಸಿದ ಬ್ರೇಕು, 14 ತಿರುವುಗಳ ಆಗುಂಬೆ ಘಾಟಿ ಇಳಿಯುವಾಗ ಕೈಕೊಡಬಹುದು. ಆಯಿಲ್ ತುಂಬಿಸಿ ‘ಈ ಸಲ ಹೋಗಿಬರೋಣ’ ಎನ್ನುವುದು ಸಲ್ಲದು. ಮೆಕ್ಯಾನಿಕ್ಕನ್ನು ಮನೆಗೇ ಕರೆಸಬೇಕು, ಇಲ್ಲವೇ ವಾಹನವನ್ನು ಎತ್ತಿಸಿಕೊಂಡು ಹೋಗಬೇಕು.

ಮೂಲ ಹುಡುಕುವುದು ಹೇಗೆ?

ಎಣ್ಣೆ ಸದಾ ಕೆಳಗಿಳಿಯುತ್ತದೆ. ಕಾರು ಓಡುವಾಗ ಗಾಳಿ ಅದನ್ನು ಹಿಂದಕ್ಕೂ ತಳ್ಳುತ್ತದೆ. ಹಾಗಾಗಿ ಹನಿ ಬಿದ್ದ ಜಾಗವೇ ಸೋರಿದ ಜಾಗವಲ್ಲ. ತಣ್ಣಗಿನ ಇಂಜಿನ್ನನ್ನು ಬಟ್ಟೆಯಿಂದ ಒರೆಸಿ, ಕೆಲವು ಕಿಲೋಮೀಟರ್ ಓಡಿಸಿ ತಂದು, ಟಾರ್ಚ್ ಬೆಳಕಿನಲ್ಲಿ ಮತ್ತೆ ನೋಡಬೇಕು. ಹೊಸ ಒದ್ದೆಯ ಅತಿ ಮೇಲಿನ, ಅತಿ ಮುಂದಿನ ಬಿಂದುವೇ ಮೂಲ. ಎಷ್ಟೋ ಸಲ ಕೆಳಗಿನ ಆಯಿಲ್ ಸೀಲ್ ಹೋಗಿದೆಯೆಂದು ಶಂಕಿಸಿದ್ದು, ಮೇಲಿನ ಟ್ಯಾಪೆಟ್ ಕವರಿನ ಅಗ್ಗದ ಪ್ಯಾಕಿಂಗ್ ದೋಷವಾಗಿರುತ್ತದೆ. ಜಾಕ್ ಮೇಲಷ್ಟೇ ನಿಂತ ಕಾರಿನಡಿಗೆ ಮಾತ್ರ ಯಾರೂ ನುಸುಳಕೂಡದು.

ಗ್ಯಾರೇಜಿಗೆ ಹೋಗುವಾಗ ಆ ಪತ್ರಿಕೆಯನ್ನೂ ಕೊಂಡೊಯ್ಯಬೇಕು. ‘ಎಲ್ಲೋ ಸೋರುತ್ತಿದೆ’ ಎನ್ನುವುದಕ್ಕಿಂತ ‘ಎಡ ಹಿಂಚಕ್ರದ ಬಳಿ, ರಾತ್ರಿಗೆ ಇಷ್ಟು’ ಎಂದು ತೋರಿಸಿದರೆ ಮೆಕ್ಯಾನಿಕ್ಕಿನ ಸಮಯವೂ ಮಾಲೀಕರ ಹಣವೂ ಉಳಿಯುತ್ತವೆ. ಖಾಸಗಿ ಕಾರಿನ ನೋಂದಣಿಗೆ 15 ವರ್ಷ ತುಂಬಿದಾಗ ನವೀಕರಣಕ್ಕೆ ತಪಾಸಣೆ ಎದುರಿಸಬೇಕಾಗುವುದರಿಂದ, ಸೋರಿಕೆಯನ್ನು ಮೊದಲೇ ಸರಿಪಡಿಸಿಕೊಳ್ಳುವುದು ಲಾಭಕರವೂ ಹೌದು.

ಕೊನೆಯದಾಗಿ, ನೆಲದ ಎಣ್ಣೆಯನ್ನು ಚರಂಡಿಗೆ ತೊಳೆಯದೆ ಮರದ ಪುಡಿ ಉದುರಿಸಿ ಹೀರಿಸಬೇಕು. ಶಿವಮೊಗ್ಗದ ಚರಂಡಿಗೆ ಬಿದ್ದದ್ದು ತುಂಗೆಯತ್ತ, ಭದ್ರಾವತಿಯದು ಭದ್ರೆಯತ್ತ ಹರಿಯುತ್ತದೆ. ಎರಡೂ ಕೂಡಲಿಯಲ್ಲಿ ಒಂದಾಗುತ್ತವೆ ಎಂಬುದನ್ನು ಮರೆಯಬಾರದು.